ಖವಾ ಭಟ್ಟಿಗೆ ತಕ್ಕ ಗರಗಸ

ಆ ಖವಾಕ್ಕೆ ನಿಜವಾಗಿ ಎಣ್ಣೆಯ ವಾಸನೆ ಇತ್ತೋ, ಇದೆ ಎಂದು ಬೇರೆಯವರು ಹೇಳಿದ ಮೇಲೆ ನನ್ನ ಮೂಗಿಗೆ ಬಂತೋ, ಇವತ್ತಿಗೂ ನನಗೆ ಖಾತ್ರಿಯಿಲ್ಲ. ಬಟ್ಟಲು ಕೈಗೆ ಬಂದದ್ದು ನೆನಪಿದೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ್ದೂ ನೆನಪಿದೆ. ಕಿವುಚಿದ ಮೇಲೆ ಮಾತು ಕೇಳಿದೆನೋ, ಮಾತು ಕೇಳಿ ಕಿವುಚಿದೆನೋ ಎಂಬುದು ಮಾತ್ರ ಒಂದೊಂದು ದಿನ ಒಂದೊಂದು ಥರ ನೆನಪಾಗುತ್ತದೆ. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನಿಗೆ ಅಳತೆಯಿಲ್ಲದ ಸಾಕ್ಷಿಯನ್ನು ನಂಬುವುದು ಕಷ್ಟ. ಆ ಸಾಕ್ಷಿ ತಾನೇ ಆಗಿದ್ದರೆ ಇನ್ನೂ ಕಷ್ಟ. ಆದ್ದರಿಂದ ಅನುಮಾನ ಇರುವ ಕಡೆ ಅನುಮಾನ ಇದೆ ಎಂದೇ ಬರೆಯುತ್ತೇನೆ.

ಮೂಡಲಗಿಯಲ್ಲಿ ರೈತರು ಕೂಡಿ ನಡೆಸುವ ಒಂದು ಯಂತ್ರ ಬಾಡಿಗೆ ಕೇಂದ್ರದಲ್ಲಿ ನಾನು ಕೆಲಸ ಮಾಡುತ್ತೇನೆ. ಆ ಬೇಸಿಗೆ ಕೇಂದ್ರಕ್ಕೆ ಕಟ್ಟಿಗೆ ಕೊಯ್ಯುವ ಚೈನ್‌ಸಾ ಒಂದನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಕೇಳಿದವರು ಹಲವರಿದ್ದರು, ಅವಸರ ಇದ್ದದ್ದು ಒಬ್ಬರಿಗೆ. ಕುಲಗೋಡದಲ್ಲಿ ಖವಾ ಭಟ್ಟಿ ನಡೆಸುವ ಅಕ್ಕ ಅವರು. ಸುತ್ತಲಿನ ಮನೆಗಳಿಂದ ಎಮ್ಮೆಯ ಹಾಲು ಅವರ ಬಾಗಿಲಿಗೆ ಬರುತ್ತದೆ. ಅದನ್ನು ಅಗಲವಾದ ಕಡಾಯಿಯಲ್ಲಿ ಕುದಿಸಿ, ತಿರುವಿ, ಬತ್ತಿಸಿ, ಗಟ್ಟಿ ಖವಾ ಮಾಡಿ ಗೋಕಾಕದ ಒಂದು ಮಿಠಾಯಿ ಅಂಗಡಿಗೆ ಕಳಿಸುತ್ತಾರೆ. ಹಾಲಿಗೆ ಕಾಯುವ ಗುಣವಿಲ್ಲ. ಬಂದ ಹೊತ್ತಿಗೆ ಒಲೆ ಉರಿಯುತ್ತಿರಬೇಕು.

ಕಟ್ಟಿಗೆ ಒಡೆಯುತ್ತಿದ್ದವರು ಅವರ ಗಂಡ. ಟ್ರ್ಯಾಲಿಯಿಂದ ಬಿದ್ದು ಅವರ ಭುಜ ಜರುಗಿತ್ತು. ಕೊಡಲಿ ಮುಟ್ಟಕೂಡದು ಎಂದು ಡಾಕ್ಟರು ಹೇಳಿದ್ದರು. ಇತ್ತ ಅಂಗಳದಲ್ಲಿ ಕಾಲುವೆ ದಂಡೆ ಸರಿಮಾಡುವಾಗ ಉರುಳಿಸಿದ ಜಾಲಿ ಮರಗಳು ಬಿದ್ದಿದ್ದವು, ಜೊತೆಗೆ ಎಮ್ಮೆ ಮಲಗಿದಂತೆ ಒಂದು ಹುಣಸೆಯ ಬೊಡ್ಡೆ.

"ಮಿರಗದ ಮಳಿ ಹಿಡಿಯೂದ್ರಾಗ ಇದೆಲ್ಲಾ ತುಂಡಾಗಿ ತಗಡಿನ ಬುಡಕ ಹೋಗಬೇಕ್ರಿ ಸರ," ಎಂದರು ಅಕ್ಕ. "ಹಸಿ ಕಟಗಿ ಹೊಗಿ ಕೊಡತೈತಿ, ಉರಿ ಕೊಡಂಗಿಲ್ಲ. ಹಾಲು ನಾಕು ಸಲ ಒಡೀತಂದ್ರ ನನ್ನ ಬಾಗಲಾಗ ಯಾರೂ ಕ್ಯಾನ್ ಇಳಸಂಗಿಲ್ಲ. ಭಟ್ಟಿ ಆರಿತು ಅಂದ್ರ ಆರಿದಂಗ."

"ಕೊಯ್ಯೋರು ಯಾರು?" ಎಂದೆ.

"ನಾನಽ. ಮತ್ಯಾರು, ನಿಮ್ಮ ಸಾಹೇಬ್ರ ಬರತಾರೇನು?"

ಕಟ್ಟೆಯ ಮೇಲೆ ಕೈ ಜೋಲಿಯಲ್ಲಿ ಹಾಕಿಕೊಂಡು ಕೂತಿದ್ದ ಗಂಡ ನಕ್ಕರು. "ಕೊಡ್ಲಿ ಬ್ಯಾಡ ಅಂದದ್ದು ನನಗ. ಆಕಿಗೆ ಬ್ಯಾಡ ಅನ್ನೂ ಡಾಕ್ಟರ್ ಇನ್ನೂ ಹುಟ್ಟಿಲ್ರಿ."

ಮರುದಿನ ಹುಕ್ಕೇರಿಗೆ ಹೋದೆ. ಅಲ್ಲಿ ಗರಗಸ ಮಾರುವ, ಸಾಣೆ ಹಿಡಿದು ಕೊಡುವ ಒಂದು ಅಂಗಡಿ ಇದೆ. ಅಂಗಡಿಯವರು ದೊಡ್ಡ ಮಾತುಗಾರರು, ತಮ್ಮ ಕೈಗೆ ಬಂದ ಚೈನು ಬೆಣ್ಣೆಯನ್ನೂ ಕೊಯ್ಯುತ್ತದೆ, ಬಂಡೆಯನ್ನೂ ಕೊಯ್ಯುತ್ತದೆ ಎನ್ನುವವರು. ಬಂಡೆಯ ಮಾತು ನಾನು ನಂಬಲಿಲ್ಲ. ಆದರೆ ಅವರು ಕನ್ನಡಕ ಹಣೆಗೇರಿಸಿ ಚೈನು ಬಿಡಿಸಿ ತೋರಿಸಿದಾಗ ನಾನು ಬೇರೆಲ್ಲ ಮರೆತೆ. ಪ್ರತಿ ಹಲ್ಲಿನ ಮುಂದೆ ಲೋಹದ ಒಂದು ಸಣ್ಣ ಉಬ್ಬು, ಗುಬ್ಬಿ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಎಂಬುದನ್ನು ಆ ಗುಬ್ಬಿ ತಡೆದು ಹೇಳುತ್ತದೆ. ಅದು ಎತ್ತರವಾದರೆ ಹಲ್ಲಿಗೆ ಮರ ಸಿಗುವುದಿಲ್ಲ, ತಗ್ಗಿದರೆ ಗರಗಸ ಮರವನ್ನು ಅಗಿಯಲು ಹೋಗಿ ಎಗರುತ್ತದೆ. ಹಸಿವು, ತಾಳ್ಮೆ ಎರಡನ್ನೂ ಒಂದೇ ಕೊಂಡಿಯಲ್ಲಿ ಕೂರಿಸಿದ್ದಾನಲ್ಲ ಇದನ್ನು ಮಾಡಿದವನು ಎಂದು ಆಶ್ಚರ್ಯಪಟ್ಟೆ. ಸಾಣೆ ಹಿಡಿಯುವಾಗ ಅರದಿಂದ ಎಡ ಹಲ್ಲಿಗೆ ಎಷ್ಟು ಎಳೆತವೋ ಬಲ ಹಲ್ಲಿಗೂ ಅಷ್ಟೇ ಕೊಡಬೇಕು, ಇಲ್ಲದಿದ್ದರೆ ಕೊಯ್ತ ಒಂದು ಬಾಜೂ ತಿರುಗುತ್ತದೆ ಎಂದು ಅವರು ತೋರಿಸಿಕೊಟ್ಟರು.

ನನ್ನ ತರ್ಕ ಸರಳವಾಗಿತ್ತು. ಹುಣಸೆ ಬೊಡ್ಡೆ ದಪ್ಪ, ಆದ್ದರಿಂದ ಚೈನು ಸುತ್ತುವ ಬಾರ್ ಉದ್ದ ಇರಬೇಕು. ಬಾರ್ ಉದ್ದ ಇದ್ದರೆ ಎಂಜಿನ್ ದೊಡ್ಡದಿರಬೇಕು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಪೆಟ್ರೋಲ್ ಗರಗಸ ತೋರಿಸಿದೆ.

"ಇಷ್ಟ ದೊಡ್ಡದು ಬೇಕೇನ್ರಿ?" ಎಂದು ಅಂಗಡಿಯವರು ಕೇಳಿದರು ಎಂದು ನನ್ನ ನೆನಪು. ಅವರು ಮಾತ್ರ ಹಾಗೆ ಕೇಳೇ ಇಲ್ಲ, ನಾನೇ ಇಳಿಸಿ ಕೊಟ್ಟೆ ಎನ್ನುತ್ತಾರೆ. ನೋಡಲು ಒಯ್ಯಿರಿ, ಹೊಂದದಿದ್ದರೆ ಬದಲು ಕೊಡುತ್ತೇನೆ ಎಂದದ್ದನ್ನು ಮಾತ್ರ ಇಬ್ಬರೂ ಒಪ್ಪುತ್ತೇವೆ.

ಕುಲಗೋಡದಲ್ಲಿ ಮೊದಲ ವಾದ ಬಟ್ಟೆಯದು. ಸೀರೆಯಲ್ಲಿ ಗರಗಸ ಹಿಡಿಯಲು ಬಿಡುವುದಿಲ್ಲ ಎಂದೆ. ಅಕ್ಕ ಒಳಗೆ ಹೋಗಿ ಗಂಡನ ದಪ್ಪ ಪ್ಯಾಂಟು, ಕಬ್ಬು ಕಡಿಯುವಾಗ ತೊಡುವ ತುಂಬು ತೋಳಿನ ಅಂಗಿ ಹಾಕಿಕೊಂಡು ಬಂದರು. ಕೇಂದ್ರದಿಂದ ತಂದಿದ್ದ ಹೆಲ್ಮೆಟ್, ಕೈಗವಸು, ಗಟ್ಟಿ ಬೂಟು ಕೊಟ್ಟೆ.

"ನನ್ನ ಪ್ಯಾಂಟಿಗೆ ಇವತ್ತ ಖರೆ ಯಜಮಾನ ಸಿಕ್ಕ್ರು ನೋಡ್ರಿ," ಎಂದರು ಗಂಡ.

ಹಗ್ಗ ಎಳೆದು ಚಾಲೂ ಮಾಡುವುದು ಅವರಿಗೆ ಕಷ್ಟವಾಗಲಿಲ್ಲ. ದಿನವೂ ಹಾಲಿನ ಕ್ಯಾನು ಎತ್ತುವ ತೋಳು. ತೊಂದರೆಯಾದದ್ದು ತೂಕದಿಂದ. ಉದ್ದ ಬಾರಿನ ಮೂತಿ ಸದಾ ನೆಲದ ಕಡೆಗೆ ಜಗ್ಗುತ್ತಿತ್ತು. ಸಣ್ಣ ಜಾಲಿ ಕೊಂಬೆ ಕೊಯ್ಯುವಾಗ ಬಾರಿನ ತುದಿ ಹಿಂದಿನ ಇನ್ನೊಂದು ಕೊಂಬೆಗೆ ತಾಗಿ ಗರಗಸ ಮುಖದತ್ತ ಜಿಗಿಯಿತು. ಹಿಡಿಕೆಯ ಮುಂದಿನ ಬ್ರೇಕಿನ ತಡೆಗೆ ಅವರ ಮಣಿಕಟ್ಟು ಬಡಿದು ಚೈನು ನಿಂತಿತು. ಅಕ್ಕ ಗರಗಸ ನೆಲಕ್ಕಿಟ್ಟು, ನೀರು ಕುಡಿದು, ಮತ್ತೆ ಎತ್ತಿಕೊಂಡರು. ಈ ಸಲ ಆ ಹಿಂದಿನ ಕೊಂಬೆಯನ್ನು ಮೊದಲು ಎಳೆದುಹಾಕಿಸಿದರು.

ಸ್ವಲ್ಪ ಹೊತ್ತಿಗೆ ಕೊಯ್ತ ನಿಧಾನವಾಯಿತು.

"ಸರ, ಮೊದಲ ಅವಲಕ್ಕಿ ಬೀಳತಿತ್ತು. ಈಗ ಹಿಟ್ಟ ಬೀಳಾಕತ್ತೈತಿ."

ಅವರು ಹೇಳಿದ್ದು ಗರಗಸದಿಂದ ಉದುರುವ ಪುಡಿಯನ್ನು. ಚೂಪು ಚೈನು ಚಕ್ಕೆ ಉದುರಿಸುತ್ತದೆ, ಮೊಂಡಾದದ್ದು ಹಿಟ್ಟು ಮಾಡುತ್ತದೆ. ಕಾರಣ ನನಗೆ ಹೊಳೆಯಿತು: ಕಾಲುವೆ ದಂಡೆಯ ಮಣ್ಣು ಜಾಲಿಯ ಬಿರುಕು ತೊಗಟೆಯಲ್ಲಿ ತುಂಬಿಕೊಂಡು ಒಣಗಿತ್ತು. ನಾವು ಮರದ ಜೊತೆ ಮರಳನ್ನೂ ಕೊಯ್ಯುತ್ತಿದ್ದೆವು. ಅಂದಿನಿಂದ ಬೊಡ್ಡೆಗಳಿಗೆ ಸ್ನಾನ ಶುರುವಾಯಿತು. ಎಮ್ಮೆ ತೊಳೆಯುವ ಪೈಪು, ಬ್ರಷ್ಷು ಅವಕ್ಕೇ ಬಂದವು. ಅರದಿಂದ ತಿಕ್ಕಿ ಚೂಪು ಮಾಡಿದ ಚೈನು ಮತ್ತೆ ಮೊಂಡಾಗಲಿಲ್ಲ, ಜಾಲಿ ತುಂಡುಗಳ ಗುಡ್ಡೆ ಏರತೊಡಗಿತು, ನಾನು ಯೋಗ್ಯ ಗರಗಸ ಆರಿಸಿದೆ ಎಂದುಕೊಂಡು ಮೂಡಲಗಿಗೆ ಬಂದುಬಿಟ್ಟೆ.

ವಾರದೊಳಗೆ ಅಕ್ಕನ ಫೋನು ಬಂತು. ಗೋಕಾಕದಿಂದ ಖವಾ ತಿರುಗಿ ಬಂದಿತ್ತು.

"ಟ್ರ್ಯಾಕ್ಟರ್ ವಾಸನಿ ಬರತೈತಿ ಅಂತ್ರಿ ಮಿಠಾಯಿ ಕಾಕಾಗ. ಇನ್ನೊಮ್ಮಿ ಹಿಂಗಾದ್ರ ಬ್ಯಾರೆ ಭಟ್ಟಿ ನೋಡಕೋತೀನಿ ಅಂದಾರ."

ಹೋಗಿ ನೋಡಿದೆ. ಗರಗಸದ ಬಾರಿಗೆ ಎಣ್ಣೆ ಹರಿಯುತ್ತಲೇ ಇರಬೇಕು, ಇಲ್ಲದಿದ್ದರೆ ಚೈನು ಕಾಯ್ದು ಹಾಳಾಗುತ್ತದೆ. ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ ಅವರೂ ಟ್ರ್ಯಾಕ್ಟರಿನ ಎಂಜಿನ್ನಿನಿಂದ ಇಳಿಸಿದ ಸುಟ್ಟ ಆಯಿಲ್ ಹಾಕಿದ್ದರು. ತುಂಡುಗಳ ಕೊಯ್ದ ಮುಖದ ಮೇಲೆ ಕಪ್ಪು ಗೆರೆಗಳಿದ್ದವು. ಒಲೆಗೆ ಕಟ್ಟಿಗೆ ನೂಕುವಾಗ ಬಾಯಿಂದ ಹೊರಬರುವ ಹೊಗೆ ಕಡಾಯಿಯ ಅಂಚಿಗೆ ಸವರಿಕೊಂಡೇ ಮೇಲೇರುತ್ತದೆ. ಬತ್ತುವ ಹಾಲು ಅದನ್ನು ಹೀರುವುದು ಅಸಂಭವವಲ್ಲ. ಅಸಂಭವವಲ್ಲ ಎಂಬುದು ನನಗೆ ಸಾಕಾಗಲಿಲ್ಲ. ಕ್ಯಾನು ಸರಿಯಾಗಿ ತೊಳೆದಿರಲಿಕ್ಕಿಲ್ಲ, ಎಮ್ಮೆ ಏನೋ ತಿಂದಿರಬಹುದು, ಕಳಿಸಿದ ಗಾಡಿಯಲ್ಲೇ ಡೀಸೆಲ್ ಚೆಲ್ಲಿರಬಹುದು.

ಒಂದೇ ಹಾಲನ್ನು ಎರಡು ಸಣ್ಣ ಕಡಾಯಿಗೆ ಹಂಚಿಸಿದೆ. ಒಂದಕ್ಕೆ ಹಿಂದಿನ ವರ್ಷ ಕೊಡಲಿಯಲ್ಲಿ ಒಡೆದ ಕಟ್ಟಿಗೆ, ಇನ್ನೊಂದಕ್ಕೆ ಗರಗಸದ್ದು. ತಯಾರಾದ ಖವಾವನ್ನು ಒಂದೇ ಥರದ ಬಟ್ಟಲುಗಳಲ್ಲಿಟ್ಟು, ಬುಡಕ್ಕೆ ಗುರುತು ಮಾಡಿ, ಅದಲುಬದಲು ಮಾಡಿ ಇಟ್ಟೆ. ರುಚಿ ನೋಡಲು ಅಕ್ಕ, ಅವರ ಗಂಡ, ಹಾಲು ಹಾಕಲು ಬಂದಿದ್ದ ಕುರಿಗಾರ ಕಾಕಾ. ಕಾಕಾನ ಮನೆಯಲ್ಲಿ ಕುರಿಯ ಜೊತೆ ಎರಡು ಎಮ್ಮೆಯೂ ಇವೆ.

"ನನ್ನ ಮೂಗು ನಂಬಬ್ಯಾಡ್ರಿ," ಎಂದರು ಕಾಕಾ. "ಹಟ್ಟ್ಯಾಗ ಹುಟ್ಟಿ ಹಟ್ಟ್ಯಾಗ ಬೆಳದದ್ದು. ಅದಕ್ಕ ಅತ್ತರೂ ಒಂದಽ, ಹಿಕ್ಕಿನೂ ಒಂದಽ."

"ಹೇಳೂದಕಿಂತ ಮೊದಲಽ ಅರ್ಧ ಬಟ್ಲ ಖಾಲಿ ಮಾಡೀರಲ್ಲ," ಎಂದರು ಅಕ್ಕ.

"ಪರೀಕ್ಷಾ ಅಂದ್ರ ಪೂರಾ ಬರೀಬೇಕ ಅವ್ವಾ."

ಗಂಡ ಬಟ್ಟಲು ನೋಡದೆ ಹೆಂಡತಿಯ ಮುಖ ನೋಡಿ ಉತ್ತರ ಹೇಳುತ್ತಿದ್ದಾರೆ ಎಂದು ಗೊತ್ತಾಗಿ ಅವರನ್ನು ಗೋಡೆಗೆ ಮುಖ ಮಾಡಿ ಕೂರಿಸಿದೆ. ಆಮೇಲೆ ಅವರ ಉತ್ತರ ಒಮ್ಮೆ ಹಾಗೆ, ಒಮ್ಮೆ ಹೀಗೆ. ಕಾಕಾ ಗರಗಸದ್ದೇ ಹೆಚ್ಚು ರುಚಿ ಎಂದರು. ಅಕ್ಕ ಮಾತ್ರ ಕಣ್ಣು ಮುಚ್ಚಿ ಪ್ರತಿ ಸಲವೂ ಗರಗಸದ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಕೊನೆಗೆ ನಾನೂ ತಿಂದೆ. ಮುಖ ಕಿವುಚಿದೆ. ಆ ಕಿವುಚಿನ ವಿಷಯ ಮೊದಲೇ ಹೇಳಿದ್ದೇನೆ.

"ಒಬ್ಬರ ಮೂಗಿಗೆ ಗೊತ್ತಾಯಿತು ಅಂದ್ರ ಸಿದ್ಧ ಆದಂಗಲ್ಲ ಅಕ್ಕ," ಎಂದೆ.

"ನಿಮ್ಮ ಯುನಿವರ್ಸಿಟಿಗೆ ಸಿದ್ಧ ಆಗೂದು ಬ್ಯಾಡ್ರಿ. ನಾ ಖವಾ ಕಳಸೂದು ಅಲ್ಲಿಗಲ್ಲ, ಗೋಕಾಕಕ್ಕ. ಅಲ್ಲಿ ಮಿಠಾಯಿ ಕಾಕಾನ ಮೂಗೂ ನನ್ನ ಮೂಗಿನಂಗಽ ಐತಿ."

ಜಾಲಿಯ ಅರ್ಧ ಗುಡ್ಡೆ ಮತ್ತು ಹುಣಸೆ ಬಾಕಿ ಇತ್ತು. ಮಧ್ಯಾಹ್ನದ ಮೇಲೆ ಪಡುವಣದಲ್ಲಿ ಮೋಡ ಕೂಡುವುದು ಶುರುವಾಗಿತ್ತು. ಆಳು ಕರೆದು ಒಡೆಸೋಣವೆಂದರೆ ಅವರೆಲ್ಲ ಬಿತ್ತನೆಯ ತಯಾರಿಯಲ್ಲಿದ್ದರು.

ಪೆಟ್ರೋಲ್ ಗರಗಸ ಕಾಲಬುಡದಲ್ಲಿಟ್ಟುಕೊಂಡು ಹುಕ್ಕೇರಿಗೆ ಹೋಗುವ ಬಸ್ಸಿನಲ್ಲಿ, ಘಟಪ್ರಭಾ ದಾಟುವಾಗ ಇರಬೇಕು, ನನ್ನ ತರ್ಕ ಎಲ್ಲಿ ತಪ್ಪಿದೆ ಎಂದು ಮೊದಲಿನಿಂದ ನೋಡಿದೆ. ನಾನು ಆರಿಸಿದ್ದು ಮರ ಉರುಳಿಸುವ ಯಂತ್ರ. ಕಾಡಿಗೋ ಹೊಲಕ್ಕೋ ಹೊತ್ತೊಯ್ಯಬೇಕು, ಅಲ್ಲಿ ಕರೆಂಟ್ ಇರುವುದಿಲ್ಲ, ಆದ್ದರಿಂದ ಎಂಜಿನ್, ಪೆಟ್ರೋಲ್, ತೂಕ. ಅಕ್ಕನ ಮರಗಳು ಆಗಲೇ ಉರುಳಿ ಮನೆಗೆ ಬಂದಿದ್ದವು, ಗೋಡೆಯ ಪ್ಲಗ್ಗಿನಿಂದ ಕೆಲವೇ ಮಾರು ದೂರದಲ್ಲಿ ಬಿದ್ದಿದ್ದವು. ಕಟ್ಟಿಗೆಯೇ ಗರಗಸದ ಬಳಿ ಬರುವುದಾದರೆ ಗರಗಸ ನಡೆದಾಡಬೇಕಿಲ್ಲ. ಕರೆಂಟಿನದು ಸಾಕು. ಬಾರ್ ಕೂಡ ದಿನದ ಕಟ್ಟಿಗೆಗೆ ತಕ್ಕಷ್ಟಿದ್ದರೆ ಸಾಕು. ಅಂಗಳದಲ್ಲಿ ಒಂದೇ ಒಂದು ಇರುವ ಬೊಡ್ಡೆಗಾಗಿ ದಿನವೂ ಉದ್ದ ಮೂತಿಯನ್ನು ಹೊರುವುದೇಕೆ?

"ಮತ್ತ ಆ ಹುಣಸಿ?" ಎಂದರು ಅಂಗಡಿಯವರು, ನಾನು ಗಿಡ್ಡ ಬಾರಿನದು ಕೇಳಿದಾಗ.

"ಎರಡೂ ಬಾಜೂದಿಂದ ಕೊಯ್ದ್ರ?"

"ಕೈ ನೆಟ್ಟಗಿರಬೇಕ್ರಿ. ನಡುವ ಎರಡೂ ಕೊಯ್ತ ಕೂಡಲಿಲ್ಲಂದ್ರ ಮೆಟ್ಲ ಬೀಳತೈತಿ, ಬಾರ್ ಸಿಕ್ಕೊಳತೈತಿ. ಯಾರ ಕೈ?"

ಹೇಳಿದೆ. ಅವರು ತಲೆದೂಗಿ, ಗಿಡ್ಡ ಬಾರಿನ ಒಂದು ಕರೆಂಟ್ ಗರಗಸ ಇಳಿಸಿದರು. ಅದು ಚಿಕ್ಕದು, ಕೈಯಲ್ಲಿ ಸಮತೂಕವಾಗಿ ಕೂತಿತು. ಗುಂಡಿ ಬಿಟ್ಟ ಕೂಡಲೇ ಚೈನು ನಿಲ್ಲುತ್ತಿತ್ತು. ಖವಾಕ್ಕೆ ವಾಸನೆ ಹತ್ತದ ಎಣ್ಣೆ ಯಾವುದು ಎಂದು ಕೇಳಿದಾಗ ಅವರು ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. "ಮನಿ ತೊಲಿಗೆ ಕೇಳ್ಯಾರ, ಕುರ್ಚಿಗೆ ಕೇಳ್ಯಾರ. ಖವಾಕ್ಕ ಗರಗಸ ಕೇಳಾಕ ಬಂದವ್ರು ನೀವಽ ಮೊದಲ." ಆಮೇಲೆ ತಿನ್ನುವ ಎಣ್ಣೆ ಹಾಕಿ ನೋಡಿರಿ, ಬೇಗ ಖರ್ಚಾಗುತ್ತದೆ, ಗರಗಸ ಕೆಡುವುದಿಲ್ಲ ಎಂದರು. ನಾನೂ ಎಲ್ಲೋ ಅದನ್ನು ಓದಿದ್ದೆ.

ಅಕ್ಕನ ಮನೆಯಲ್ಲಿ ಇದ್ದದ್ದು ಕುಸುಬಿ ಎಣ್ಣೆ, ಗಾಣದ್ದು. ಅದನ್ನೇ ತುಂಬಿದೆವು. ಅಂಗಳಕ್ಕೆ ಎಳೆದಿದ್ದ ವೈರು ತೆಳು, ಮೀಟರು ಹಚ್ಚಿ ನೋಡಿದರೆ ಗರಗಸ ಓಡುವಾಗ ವೋಲ್ಟೇಜು ಸೊರಗುತ್ತಿತ್ತು. ಕೇಂದ್ರದಿಂದ ದಪ್ಪ ಕೇಬಲ್ ತಂದೆ. ಆ ದಿನದ ಕೆಲಸ ನೋಡಲು ಸೊಗಸಾಗಿತ್ತು. ಎಂಜಿನ್ನಿನ ಆರ್ಭಟ ಇಲ್ಲದ್ದರಿಂದ ಅಕ್ಕ ಒಲೆಯ ಮೇಲಿನ ಕಡಾಯಿಗೂ ಒಂದು ಕಿವಿ ಇಟ್ಟಿದ್ದರು. ಕುದಿಯುವ ಸದ್ದು ಬದಲಾದರೆ ಗುಂಡಿ ಬಿಟ್ಟು, ಗರಗಸ ಇಟ್ಟು, ಒಳಗೆ ಹೋಗಿ ನಾಕು ಸುತ್ತು ತಿರುವಿ ಬರುತ್ತಿದ್ದರು.

ಆಮೇಲೆ ಎರಡು ದಿನ ಅವರು ಸಂಬಂಧಿಕರ ಮನೆಯ ಕಾರ್ಯಕ್ಕೆ ಕೌಜಲಗಿಗೆ ಹೋದರು. ಬಂದು ಗುಂಡಿ ಒತ್ತಿದರೆ ಗರಗಸ ಗುಂಯ್ ಎಂದಿತು, ಚೈನು ಅಲುಗಲಿಲ್ಲ. ಪ್ಲಗ್ ಕಿತ್ತು ಬೆರಳಿಂದ ಮುಟ್ಟಿದೆ. ಕೊಂಡಿ ಕೊಂಡಿಗೂ ಕಂದು ಬಣ್ಣದ ಅಂಟು, ಹಲಸಿನ ಮೇಣದ ಹಾಗೆ. ಯಂತ್ರ ಸುಟ್ಟಿತೆಂದುಕೊಂಡೆ. ಅಕ್ಕ ಬಗ್ಗಿ ನೋಡಿದರು.

"ಭಜಿ ಕರಿಯೂ ಕಡಾಯಿ ಅಂಚಿಗೆ ಎಣ್ಣಿ ಹತ್ತತೈತಲ್ರಿ, ಇದು ಅದಽ."

ಆಗ ನನ್ನ ಓದೂ ನೆರವಿಗೆ ಬಂತು. ಕೆಲವು ಎಣ್ಣೆ ತೆಳುವಾಗಿ ಹರಡಿ ಗಾಳಿಗೆ ಬಿದ್ದರೆ ಬಣ್ಣದಂತೆ ಒಣಗುತ್ತವೆ. ಕುಸುಬಿ ಆ ಜಾತಿಯದು. ಶೇಂಗಾ ಅಲ್ಲ. ಆದರೆ ಹತ್ತಿದ್ದನ್ನು ಬಿಡಿಸುವುದು ಹೇಗೆ? ಸೀಮೆಎಣ್ಣೆ ಹಾಕಿದರೆ ಮತ್ತೆ ಅದೇ ವಾಸನೆಯ ಕಥೆ. ಅಕ್ಕ ಚೈನು, ಬಾರ್ ಬಿಚ್ಚಿಸಿ, ಹಾಲಿನ ಕ್ಯಾನು ತೊಳೆಯುವ ಬಿಸಿ ಸೋಡಾ ನೀರಿನಲ್ಲಿ ಮುಳುಗಿಸಿದರು. ಕ್ಯಾನಿನ ಕಂಠ ತಿಕ್ಕುವ ಸಣ್ಣ ಬ್ರಷ್ಷಿನಿಂದ ಕೊಂಡಿಗಳನ್ನು ಒಂದೊಂದಾಗಿ ತಿಕ್ಕಿ, ಒಲೆಯ ಪಕ್ಕ ಒಣಗಿಸಿ, ಶೇಂಗಾ ಎಣ್ಣೆಯಲ್ಲಿ ಅದ್ದಿ ಕೈಗಿತ್ತರು. ಹುಕ್ಕೇರಿಯಲ್ಲಿ ಹೊಸದು ಬಿಡಿಸಿದಾಗ ಇದ್ದುದಕ್ಕಿಂತ ಅದು ಚೊಕ್ಕವಿತ್ತು. ಅಂದಿನಿಂದ ಕೆಲಸ ಮುಗಿದ ಮೇಲೆ ಚೈನು ಒರೆಸಿ ಇಡುವುದು ಕಡಾಯಿ ತೊಳೆಯುವಷ್ಟೇ ಕಡ್ಡಾಯವಾಯಿತು.

ಕೊನೆಗೆ ಉಳಿದದ್ದು ಹುಣಸೆ. ಸುಟ್ಟ ಆಯಿಲಿನ ಗೆರೆ ಬಿದ್ದ ತುಂಡುಗಳನ್ನು ಸ್ನಾನದ ನೀರಿನ ಒಲೆಗೆ ಬೇರೆ ಹಾಕಿದ್ದರಿಂದ ಭಟ್ಟಿಯ ಪಾಲು ಕಡಿಮೆಯಾಗಿತ್ತು. ಈ ಬೊಡ್ಡೆ ಸೇರದಿದ್ದರೆ ಮಳೆಗಾಲ ದಾಟುವುದಿಲ್ಲ ಎಂದು ಅಕ್ಕ ಲೆಕ್ಕ ಹಾಕಿದ್ದರು. ಹುಣಸೆ ನಿಧಾನ ಉರಿಯುತ್ತದೆ, ಖವಾ ಗಟ್ಟಿಯಾಗುವ ಕೊನೆಯ ಹೊತ್ತಿಗೆ ಅಂಥದೇ ಬೇಕು. ಆಕಾಶ ಬೆಳಗಿನಿಂದಲೇ ಮುಚ್ಚಿತ್ತು. ಮಳೆ ಬಂದರೆ ಕರೆಂಟ್ ಗರಗಸ ಹೊರಗೆ ಹಿಡಿಯುವ ಹಾಗಿಲ್ಲ. ಸಣ್ಣದನ್ನು ಆರಿಸಿದವನು ನಾನು. ಬೊಡ್ಡೆ ಉಳಿದರೆ ಅದರ ಹೊಣೆಯೂ ನನ್ನದೇ.

ಅಕ್ಕ ಒಂದು ದಾರಕ್ಕೆ ಕಡಾಯಿ ಬುಡದ ಮಸಿ ಹಚ್ಚಿ, ಬೊಡ್ಡೆಗೆ ಸುತ್ತಿ, ಬಿಗಿದು ಚಿಟ್ಟನೆ ಬಿಟ್ಟರು. ಸುತ್ತಲೂ ಕಪ್ಪು ಗೆರೆ ಬಿತ್ತು. ಒಂದು ಕಡೆಯಿಂದ ಅರ್ಧ ದಾಟುವವರೆಗೆ ಕೊಯ್ದರು. ಕೊಯ್ದ ಬಾಯಿ ಕೂಡಿಕೊಂಡು ಬಾರ್ ಹಿಡಿಯದಂತೆ ನಾನು ಜಾಲಿಯ ಬೆಣೆ ಬಡಿದೆ. ಆಮೇಲೆ ಅವರು ಇನ್ನೊಂದು ಬದಿಗೆ ಬಂದು, ಕಾಲು ಅಗಲಿಸಿ ನಿಂತು, ಗೆರೆಯ ಮೇಲೆ ಚೈನು ಇಟ್ಟರು. ಒತ್ತಲಿಲ್ಲ. ಗರಗಸ ತನ್ನ ತೂಕಕ್ಕೆ ತಾನೇ ಇಳಿಯಿತು. ನಾನು ಕೇಬಲ್ ಎತ್ತಿ ಹಿಡಿದು ಅವರ ಮಣಿಕಟ್ಟನ್ನೇ ನೋಡುತ್ತಿದ್ದೆ. ಕೊಯ್ತ ಎಲ್ಲಿ ವಾಲುತ್ತದೋ ಎಂದು ಕಾಯುತ್ತಿದ್ದೆ. ಅದು ವಾಲಲಿಲ್ಲ.

ಕ್ಯಾನು ಹಿಡಿದು ನಿಂತಿದ್ದ ಕಾಕಾ ಮೆಲ್ಲಗೆ ಹೇಳಿದರು, "ಒಂದ ತುಂಡ ನನಗಿರಲಿ ಅವ್ವಾ. ಮಟನ್ ಕಡಿಯಾಕ ಹುಣಸಿಯಂಥಾದ್ದು ಇಲ್ಲ."

"ಸುಮ್ನಿರ್ರಿ ಕಾಕಾ, ಆಕಿ ಕೈಯಾಗ ಗರಗಸ ಐತಿ," ಎಂದರು ಗಂಡ.

ತುಂಡು ಹೊರಳಿ ಬಿತ್ತು. ಅದೇ ಹೊತ್ತಿಗೆ ತಗಡಿನ ಮೇಲೆ ಮೊದಲ ಹನಿ ಸಿಡಿದ ಹಾಗೆ ನನಗೆ ನೆನಪು. ಮಳೆ ಬಂದದ್ದು ಮರುದಿನ, ಅವತ್ತು ನೀವು ಧೂಳಿನಲ್ಲೇ ಬಸ್ಸಿಗೆ ನಡೆದಿರಿ ಎನ್ನುತ್ತಾರೆ ಕಾಕಾ. ಇರಬಹುದು. ಸಂಜೆಯ ಹೊತ್ತಿಗೆ ಬೊಡ್ಡೆ ಪೂರ್ತಿ ತುಂಡಾಗಿ ಒಳಗೆ ಹೋಗಿತ್ತು ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಶೇಂಗಾ ಎಣ್ಣೆಯ ಕಟ್ಟಿಗೆಯ ಮೊದಲ ಖವಾ ಗೋಕಾಕಕ್ಕೆ ಹೋಯಿತು. ಮಿಠಾಯಿ ಕಾಕಾ ಏನಂದರು ಎಂದು ಕೇಳಿದೆ.

"ಏನೂ ಅಂದಿಲ್ರಿ," ಎಂದರು ಅಕ್ಕ. "ಅವರು ಏನೂ ಅನ್ನಲಿಲ್ಲಂದ್ರ ನಾಳೆ ಮತ್ತ ಕಳಸು ಅಂದಂಗ."

ಕೇಂದ್ರಕ್ಕೆ ಅದೇ ಚಿಕ್ಕ ಗರಗಸ ಬಂತು. ಅದನ್ನು ಒಯ್ಯುವವರಿಗೆ ಈ ಕಥೆ ಹೇಳುತ್ತಿದ್ದೆ. ಗಿಡ್ಡ ಬಾರು, ದಪ್ಪ ಬೊಡ್ಡೆ, ಎರಡು ಕಡೆಯ ಕೊಯ್ತ, ನಡುವೆ ಮೆಟ್ಟಿಲೇ ಇಲ್ಲ. ಹೇಳಿ ಹೇಳಿ ನನಗೇ ಅನುಮಾನ ಬರತೊಡಗಿತು. ಮೆಚ್ಚುಗೆ ಇದ್ದಲ್ಲಿ ನೆನಪು ಉಬ್ಬುತ್ತದೆ. ಬೊಡ್ಡೆ ಅಷ್ಟು ದಪ್ಪ ಇರಲಿಕ್ಕಿಲ್ಲ, ಕೊಯ್ತ ಅಷ್ಟು ನೆಟ್ಟಗೆ ಕೂಡಿರಲಿಕ್ಕಿಲ್ಲ.

ಮಳೆಗಾಲ ಕಳೆದ ಮೇಲೆ ಕುಲಗೋಡಕ್ಕೆ ಹೋದಾಗ ಭಟ್ಟಿ ಉರಿಯುತ್ತಿತ್ತು. ಅಕ್ಕ ಕಡಾಯಿಯ ಮುಂದೆ ಹುಣಸೆಯ ಆ ಮೊದಲ ತುಂಡಿನ ಮೇಲೆ ಕೂತು ಖವಾ ತಿರುವುತ್ತಿದ್ದರು; ಕಾಕಾಗೆ ಬೇರೆ ತುಂಡು ಹೋಗಿತ್ತು. ಅವರು ಹಾಲು ಇಳಿಸಿಕೊಳ್ಳಲು ಎದ್ದಾಗ ನಾನು ಜೇಬಿನಿಂದ ಟೇಪು ತೆಗೆದು ತುಂಡಿನ ಅಡ್ಡಗಲ ಹಿಡಿದೆ. ಗರಗಸದ ಬಾರಿಗಿಂತ ಅದು ಒಂದು ಗೇಣು ಹೆಚ್ಚಿತ್ತು. ಮುಖದ ಮೇಲೆ ಚೈನಿನ ಗೆರೆಗಳು ಎರಡು ಕಡೆಯಿಂದ ಎರಡು ಓರೆಯಲ್ಲಿ ಬಂದು ನಡುವೆ ಕೂಡಿದ್ದವು. ಕೂಡಿದ ಕಡೆ ಉಗುರನ್ನು ಆ ಬದಿಯಿಂದ ಈ ಬದಿಗೆ, ಮತ್ತೆ ಈ ಬದಿಯಿಂದ ಆ ಬದಿಗೆ ಎಳೆದೆ. ಎಲ್ಲೂ ತಡೆಯಲಿಲ್ಲ.